ಕನ್ನಡ ಮಾಧ್ಯಮದಿಂದ ಸ್ಪ್ಯಾನಿಷ್ ಸ್ನಾತಕೋತ್ತರ ಪದವಿಯವರೆಗೆ

(ಶತಮಾನೋತ್ಸವ ಸಮಾರಂಭದಲ್ಲಿ ಮುಖ್ಯೋಪಾಧ್ಯಾಯಿನಿಯವರು ಮಾಡಿದ ಭಾಷಣದ ಪಾಠ)



ನೂರು ವರ್ಷ ತುಂಬಿದ ಶಾಲೆಯ ಅಂಗಳದಲ್ಲಿ ನಿಂತಾಗ ಹಿಂದಿನದನ್ನು ನೆನೆಯುವುದು ವಾಡಿಕೆ. ನನಗಿಂತ ಮೊದಲು ಮಾತನಾಡಿದ ಹಿರಿಯರು ಆ ಕೆಲಸವನ್ನು ಸೊಗಸಾಗಿ ನೆರವೇರಿಸಿದ್ದಾರೆ. ನಾನು ಒಂದು ತಪ್ಪೊಪ್ಪಿಗೆಯಿಂದ ಆರಂಭಿಸುತ್ತೇನೆ.

ಕೆಲವು ವರ್ಷಗಳ ಹಿಂದೆ ನಮ್ಮ ಶಾಲೆಯ ಹಳೆಯ ವಿದ್ಯಾರ್ಥಿನಿಯೊಬ್ಬಳು ತಂದೆಯೊಡನೆ ನನ್ನನ್ನು ನೋಡಲು ಬಂದಳು. ಟೊಮ್ಯಾಟೊ ಬೆಳೆಯುವ ರೈತರ ಮಗಳು. ಬೆಂಗಳೂರಿನಲ್ಲಿ ಪದವಿ ಓದುತ್ತ, ಮೂರು ವರ್ಷವೂ ಸಂಜೆಯ ತರಗತಿಯಲ್ಲಿ ಸ್ಪ್ಯಾನಿಷ್ ಕಲಿತಿದ್ದಳು. "ಟೀಚರ್, ಸ್ಪ್ಯಾನಿಷ್‌ನಲ್ಲೇ ಎಂ.ಎ. ಮಾಡಬೇಕೆಂದಿದ್ದೇನೆ" ಎಂದಳು. ತಂದೆಯವರು, "ನೀವು ಹೇಳಿದ ಹಾಗೆ ಆಗಲಿ ಟೀಚರ್" ಎಂದರು. ನಾನು ಹೇಳಿದ್ದಿಷ್ಟು: "ಕನ್ನಡ ಮಾಧ್ಯಮದಲ್ಲಿ ಓದಿದವಳು ನೀನು. ಇಂಗ್ಲಿಷೇ ನಿನಗೆ ಕಷ್ಟವಾಗಿತ್ತು. ಸುಮ್ಮನೆ ಬಿ.ಎಡ್. ಮಾಡು, ಊರ ಹತ್ತಿರವೇ ಕೆಲಸ ನೋಡಿಕೊಳ್ಳಬಹುದು."

ಆ ಮಗು ಎದುರು ಮಾತನಾಡಲಿಲ್ಲ. ಆದರೆ ನನ್ನ ಮಾತನ್ನು ಕೇಳಲೂ ಇಲ್ಲ. ಪ್ರವೇಶ ಪರೀಕ್ಷೆ ಬರೆದು ವಿಶ್ವವಿದ್ಯಾಲಯ ಸೇರಿದಳು. ಮೊದಲ ರಜೆಗೆ ಊರಿಗೆ ಬಂದಾಗ ನನ್ನ ಮನೆಯ ಜಗಲಿಯ ಮೇಲೆ ಕುಳಿತು ನನಗೇ ಪಾಠ ಹೇಳಿದಳು. ಆ ಪಾಠವನ್ನು ಇಂದು ನಿಮ್ಮ ಮುಂದಿಡುತ್ತೇನೆ.

"ಟೀಚರ್, ಇಂಗ್ಲಿಷಿನವರು 'ನಾನು ಮಾವಿನಹಣ್ಣನ್ನು ಇಷ್ಟಪಡುತ್ತೇನೆ' ಎನ್ನುತ್ತಾರೆ. ನಾವು 'ನನಗೆ ಮಾವಿನಹಣ್ಣು ಇಷ್ಟ' ಎನ್ನುತ್ತೇವೆ. ಸ್ಪ್ಯಾನಿಷಿನವರೂ ನಮ್ಮ ಹಾಗೆಯೇ, 'ಮೆ ಗೂಸ್ತಾ' ಎನ್ನುತ್ತಾರೆ. 'ಮೆ' ಎಂದರೆ ನನಗೆ. ತಲೆ ನೋಯುತ್ತಿದ್ದರೆ 'ಮೆ ದುವೆಲೆ ಲಾ ಕಬೇಸಾ', ಅಂದರೆ ನನಗೆ ತಲೆ ನೋಯುತ್ತದೆ. ತರಗತಿಯಲ್ಲಿ ಇಂಗ್ಲಿಷ್ ಮಾಧ್ಯಮದ ಗೆಳತಿಯರು ಇಲ್ಲಿ ಎಡವುತ್ತಿದ್ದರು. ನಾನು ಕನ್ನಡದಲ್ಲಿ ಯೋಚಿಸಿ ಉತ್ತರ ಹೇಳುತ್ತಿದ್ದೆ."

ಅವಳು ಇನ್ನಷ್ಟು ಉದಾಹರಣೆ ಕೊಟ್ಟಳು. 'ಆಬ್ಲೊ' ಎಂದರೆ ಸಾಕು, ಮಾತನಾಡುತ್ತೇನೆ ಎಂದರ್ಥ. 'ನಾನು' ಎಂದು ಬೇರೆಯಾಗಿ ಹೇಳಬೇಕಾಗಿಲ್ಲ, ನಮ್ಮಲ್ಲಿಯಂತೆಯೇ ಕ್ರಿಯಾಪದದ ಕೊನೆಯೇ ಕರ್ತೃವನ್ನು ತಿಳಿಸುತ್ತದೆ. ನೀನು, ನೀವು ಎಂಬ ಭೇದ ಅಲ್ಲಿಯೂ ಇದೆ: 'ತೂ' ಮತ್ತು 'ಉಸ್ತೆದ್'. ಉಚ್ಚಾರಣೆಯಲ್ಲಿ ತಕಾರ ನಮ್ಮ ತಕಾರದಂತೆ ಹಲ್ಲಿಗೆ ತಾಗುತ್ತದೆ. 'ಪೆರೊ' ಎಂದರೆ ಆದರೆ, 'ಪೆರ್ರೊ' ಎಂದರೆ ನಾಯಿ. ಹಳಗನ್ನಡದಲ್ಲಿ ಶಕಟರೇಫವನ್ನು ಕಂಡವರಿಗೆ, ತಮಿಳು ಅಕ್ಷರಮಾಲೆಯನ್ನು ತಿದ್ದಿದ ನಮ್ಮ ಮಕ್ಕಳಿಗೆ, ರಕಾರ ಎರಡು ಬಗೆ ಎಂದರೆ ಅಚ್ಚರಿಯೇನು?

ಎಲ್ಲವೂ ಸುಲಭವೆಂದು ನಾನು ಹೇಳಲಾರೆ. ಕನ್ನಡದಲ್ಲಿ ಮೇಜು, ಪುಸ್ತಕಗಳೆರಡೂ ನಪುಂಸಕಲಿಂಗ. ಅಲ್ಲಿ ಮೇಜು ಸ್ತ್ರೀಲಿಂಗ, ಪುಸ್ತಕ ಪುಲ್ಲಿಂಗ. 'ಇರು' ಎಂಬುದಕ್ಕೆ ಎರಡು ಕ್ರಿಯಾಪದಗಳಿವೆ, ಎಲ್ಲಿ ಯಾವುದೆಂದು ತಿಳಿಯಲು ಕಾಲ ಬೇಕು. ಸ್ನಾತಕೋತ್ತರ ಹಂತದಲ್ಲಿ ವ್ಯಾಕರಣವಷ್ಟೇ ಸಾಲದು. ಸ್ಪೇನ್ ಮತ್ತು ಲ್ಯಾಟಿನ್ ಅಮೆರಿಕದ ಸಾಹಿತ್ಯ, ಇತಿಹಾಸ, ಭಾಷಾಶಾಸ್ತ್ರ, ಅನುವಾದ ಇವೆಲ್ಲವನ್ನೂ ಆ ಭಾಷೆಯಲ್ಲೇ ಓದಿ, ಆ ಭಾಷೆಯಲ್ಲೇ ಪ್ರಬಂಧ ಬರೆಯಬೇಕು.

ಇದಕ್ಕೆ ವಿದೇಶಕ್ಕೇ ಹೋಗಬೇಕಾಗಿಲ್ಲ. ದೆಹಲಿಯ ಜವಾಹರಲಾಲ್ ನೆಹರು ವಿಶ್ವವಿದ್ಯಾಲಯದಲ್ಲಿಯೂ ಹೈದರಾಬಾದಿನ ಇಂಗ್ಲಿಷ್ ಮತ್ತು ವಿದೇಶಿ ಭಾಷೆಗಳ ವಿಶ್ವವಿದ್ಯಾಲಯದಲ್ಲಿಯೂ ಸ್ಪ್ಯಾನಿಷ್ ಬಿ.ಎ. ಮತ್ತು ಎಂ.ಎ. ಪದವಿಗಳಿವೆ. ಎರಡೂ ಕೇಂದ್ರೀಯ ವಿಶ್ವವಿದ್ಯಾಲಯಗಳು. ಜ.ನೆ.ವಿ.ಯ ಬಿ.ಎ. ತರಗತಿಗೆ ಭಾಷೆಯ ಗಂಧವಿಲ್ಲದವರೂ ಸೇರಿ ಮೊದಲಕ್ಷರದಿಂದ ಕಲಿಯಬಹುದು. ನೆರೆಯ ಅನಂತಪುರದಲ್ಲಿ ಸ್ಪೇನಿನ ವಿಸೆಂತೆ ಫೆರರ್ ಅವರು 1969ರಲ್ಲಿ ಕಟ್ಟಿದ ಗ್ರಾಮೀಣ ಅಭಿವೃದ್ಧಿ ಸಂಸ್ಥೆಯು ಹಳ್ಳಿಯ ಪದವೀಧರರಿಗೆ ಸ್ಪ್ಯಾನಿಷ್ ಮುಂತಾದ ಭಾಷೆಗಳನ್ನು ಕಲಿಸಿದೆ. ಬರದ ಸೀಮೆಯ ಮಕ್ಕಳಿಗೆ ಸಾಧ್ಯವಾದದ್ದು ನಮ್ಮ ಮಕ್ಕಳಿಗೆ ಏಕೆ ಆಗಬಾರದು?

ಸ್ಪ್ಯಾನಿಷ್ 20 ರಾಷ್ಟ್ರಗಳ ಅಧಿಕೃತ ಭಾಷೆ, ವಿಶ್ವಸಂಸ್ಥೆಯ ಆರು ಭಾಷೆಗಳಲ್ಲೊಂದು. ಅನುವಾದ, ಅಧ್ಯಾಪನ, ಪ್ರವಾಸೋದ್ಯಮ, ಬೆಂಗಳೂರಿನ ಕಂಪನಿಗಳು ಎಂದು ಕೆಲಸದ ದಾರಿಗಳಿವೆ. ಆದರೆ ನಾನು ಹೇಳಬೇಕೆಂದಿರುವುದು ಸಂಬಳದ ಮಾತಲ್ಲ. ಮಾರ್ಕೆಸ್‌ನ ಮಹಾಕಾದಂಬರಿಯನ್ನು ಎ.ಎನ್. ಪ್ರಸನ್ನ ಅವರೂ, ಹುವಾನ್ ರುಲ್ಫೋನ ಬರಹಗಳನ್ನು ಓ.ಎಲ್. ನಾಗಭೂಷಣಸ್ವಾಮಿ ಅವರೂ ಕನ್ನಡಕ್ಕೆ ತಂದರು. ಇಂತಹ ಕೃತಿಗಳು ಬಹುಪಾಲು ಇಂಗ್ಲಿಷಿನ ಸೇತುವೆಯನ್ನು ದಾಟಿಯೇ ನಮ್ಮನ್ನು ತಲುಪಿವೆ. ಹಿಂದಿಗೆ 'ದೋನ್ ಕಿಹೋತೆ'ಯನ್ನು ಪ್ರಾಧ್ಯಾಪಕಿ ವಿಭಾ ಮೌರ್ಯ ಅವರು ಮೂಲ ಸ್ಪ್ಯಾನಿಷಿನಿಂದಲೇ ಅನುವಾದಿಸಿದರು. ಕನ್ನಡದಲ್ಲಿ ಆ ಕೆಲಸ ಮಾಡುವವರು ಎರಡೂ ಭಾಷೆಗಳ ಒಳಮನೆಯನ್ನು ಕಂಡವರಾಗಿರಬೇಕು. ಕನ್ನಡವನ್ನು ಬಿಟ್ಟುಬಂದವರಿಂದ ಅದು ಆಗದು.

ಇನ್ನೊಂದು ಸಂಗತಿ ನನ್ನನ್ನು ಬಹಳ ತಟ್ಟಿತು. ಸ್ಪೇನಿನೊಳಗೆ ಕತಲಾನ್, ಬಾಸ್ಕ್, ಗಲೀಸಿಯನ್ ಎಂಬ ಭಾಷೆಗಳಿವೆ. ಫ್ರಾಂಕೋ ಆಳ್ವಿಕೆಯಲ್ಲಿ ಅವುಗಳನ್ನು ಶಾಲೆಗಳಿಂದ ಹೊರಗಿಡಲಾಯಿತು. 1978ರ ಸಂವಿಧಾನವು ಅವುಗಳಿಗೆ ಆಯಾ ಪ್ರದೇಶದಲ್ಲಿ ಅಧಿಕೃತ ಸ್ಥಾನ ದೊರೆಯಲು ದಾರಿ ಮಾಡಿತು. ಪರಾಗ್ವೆಯಲ್ಲಿ ಮೂಲನಿವಾಸಿಗಳ ಗ್ವಾರಾನಿ ಭಾಷೆ 1992ರ ಸಂವಿಧಾನದಿಂದ ಸ್ಪ್ಯಾನಿಷಿನ ಸಮಕ್ಕೆ ಅಧಿಕೃತವಾಯಿತು. ತಮಿಳುನಾಡಿನ ಗಡಿಯಲ್ಲಿ ಕನ್ನಡ ಶಾಲೆ ನಡೆಸುವ ನಮಗೆ ಈ ಕಥೆಗಳು ದೂರದವಲ್ಲ. ಇಲ್ಲಿ ಮನೆಯಲ್ಲೊಂದು ಮಾತು, ಸಂತೆಯಲ್ಲೊಂದು, ಕಚೇರಿಯಲ್ಲೊಂದು. ನಮ್ಮ ಮಕ್ಕಳು ಕನ್ನಡ, ತಮಿಳು, ತೆಲುಗುಗಳ ನಡುವೆ ಓಡಾಡುತ್ತಲೇ ಬೆಳೆಯುತ್ತಾರೆ. ಇದನ್ನು ಕೊರತೆಯೆಂದು ನಾನೂ ಭಾವಿಸಿದ್ದೆ.

ಆ ಹುಡುಗಿಯ ಪಠ್ಯದಲ್ಲಿ ಗಾಬ್ರಿಯೇಲಾ ಮಿಸ್ತ್ರಾಲ್ ಎಂಬ ಕವಯಿತ್ರಿ ಇದ್ದಾರೆ. ಚಿಲಿ ದೇಶದವರು. ಹದಿಹರೆಯದಲ್ಲೇ ಹಳ್ಳಿಶಾಲೆಯ ಕೆಲಸಕ್ಕೆ ಸೇರಿ, ಮುಂದೆ ಮುಖ್ಯೋಪಾಧ್ಯಾಯಿನಿಯಾದವರು. 1945ರಲ್ಲಿ ಸಾಹಿತ್ಯದ ನೊಬೆಲ್ ಪಡೆದ ಮೊದಲ ಲ್ಯಾಟಿನ್ ಅಮೆರಿಕನ್ನರು. ತೆಮೂಕೊ ಪಟ್ಟಣದಲ್ಲಿದ್ದಾಗ ಕವಿತೆ ಬರೆಯುವ ಒಬ್ಬ ಹುಡುಗನಿಗೆ ಅವರು ಪುಸ್ತಕಗಳನ್ನು ಕೊಟ್ಟು ಓದಿಸಿದರು. ಆ ಹುಡುಗನೇ ಪಾಬ್ಲೊ ನೆರೂಡ. ನನ್ನ ಬಳಿ ಬಂದ ಮಗುವಿಗೆ ನಾನು ಕೊಟ್ಟದ್ದು ಅಂಜಿಕೆಯನ್ನು. ಈ ಹೋಲಿಕೆ ನನ್ನನ್ನು ಬಹಳ ದಿನ ಕಾಡಿತು.

ಪೋಷಕರಲ್ಲಿ ಒಂದು ವಿನಂತಿ. ಕನ್ನಡ ಮಾಧ್ಯಮಕ್ಕೆ ಸೇರಿಸಿದರೆ ಮಕ್ಕಳ ದಾರಿ ಮುಚ್ಚುತ್ತದೆಂದು ಹೆದರಿ ನಮ್ಮ ಶಾಲೆಯನ್ನು ಬಿಡಿಸುತ್ತಿದ್ದೀರಿ. ನಿಮ್ಮ ಭಯ ನನಗೆ ಅರ್ಥವಾಗುತ್ತದೆ, ಅದು ನನ್ನೊಳಗೂ ಇತ್ತು. ರಾಯಕೋಟೆ ಮಂಡಿಗೆ ನೀವು ಸಾಗಿಸುವ ಟೊಮ್ಯಾಟೊವನ್ನೇ ನೋಡಿ. ಮೆಕ್ಸಿಕೋದ ನಾವಾತ್ಲ್ ಭಾಷೆಯ 'ತೊಮಾತ್ಲ್' ಸ್ಪ್ಯಾನಿಷಿನಲ್ಲಿ 'ತೊಮಾತೆ'ಯಾಗಿ, ಇಂಗ್ಲಿಷಿಗೆ ಹೋಗಿ, ನಮ್ಮ ಹೊಲಕ್ಕೆ ಬಂತು. ನಾವು ಪೂಜೆಗೆ ಮುಡಿಸುವ ಚೆಂಡುಹೂವಿನ ತವರೂ ಮೆಕ್ಸಿಕೋ. ಅಲ್ಲಿಂದ ಇಲ್ಲಿಗೆ ದಾರಿಯಿದ್ದ ಮೇಲೆ ಇಲ್ಲಿಂದ ಅಲ್ಲಿಗೂ ಇದ್ದೇ ಇದೆ.

ಆ ಹುಡುಗಿಯ ತಂದೆಯವರು ಇಂದು ಈ ಸಭೆಯಲ್ಲಿ ಹಿಂದಿನ ಸಾಲಿನಲ್ಲಿ ಕುಳಿತಿದ್ದಾರೆ. ಅಯ್ಯಾ, ಅಂದು ನಾನು ಕೊಟ್ಟ ಸಲಹೆಯನ್ನು ಈ ಎಲ್ಲರ ಮುಂದೆ ಹಿಂತೆಗೆದುಕೊಳ್ಳುತ್ತಿದ್ದೇನೆ. ಮಕ್ಕಳೇ, ನಿಮ್ಮಲ್ಲಿ ಯಾರಾದರೂ ನಾಳೆ ಇಂತಹದೇ ಪ್ರಶ್ನೆ ಹೊತ್ತು ಬಂದರೆ, ಈ ಸಲ ನಾನು ಮೊದಲು ಕೇಳಿಸಿಕೊಳ್ಳುತ್ತೇನೆ.