ರೋಗಶೇಷವೂ ಕಾಯಕಧರ್ಮವೂ

 

ಈ ಮಹೋತ್ಸವದ ಸಭೆಯಲ್ಲಿ ಎರಡು ಮಾತು ಹೇಳಬೇಕೆಂದು ನನಗೆ ಅಪ್ಪಣೆಯಾಗಿರುವದು. ಷಟ್‌ಸ್ಥಲ, ಅಷ್ಟಾವರಣಗಳ ವಿಚಾರವನ್ನು ನನಗಿಂತ ಬಲ್ಲ ಹಿರಿಯರು ಈಗಾಗಲೇ ನಿರೂಪಿಸಿರುವರು. ಆದುದರಿಂದ ನಾನು ಧರ್ಮಾಚರಣೆಗೆ ಆಶ್ರಯವಾದ ಕಾಯವನ್ನು ಕುರಿತೇ ಮಾತನಾಡುವೆನು.

ಸಾಲ, ಬೆಂಕಿ, ರೋಗ ಈ ಮೂರರ ಶೇಷವನ್ನು ಉಳಿಸಲಾಗದೆಂದು ಪೂರ್ವಿಕರು ಎಚ್ಚರಿಸಿರುವರು. ಮೊದಲೆರಡರ ವಿಷಯದಲ್ಲಿ ನಾವು ಜಾಗರೂಕರು. ಮೂರನೆಯದರಲ್ಲಿ ಮಾತ್ರ, ಮೈ ತಣ್ಣಗಾದೊಡನೆ ರೋಗವು ತೊಲಗಿತೆಂದು ಭಾವಿಸುವೆವು. ಈ ತಪ್ಪನ್ನು ನಾನೂ ಮಾಡಿದವನೇ. 2006ರಲ್ಲಿ ಚಿಕುನ್‌ಗುನ್ಯಾ ಜ್ವರವು ನಮ್ಮ ಸೀಮೆಯಲ್ಲಿ ಹಬ್ಬಿದಾಗ, ದಾಸೋಹದ ಅಡಿಗೆಮನೆಯಲ್ಲಿ ಸೇವೆ ಮಾಡುತ್ತಿದ್ದ ವೃದ್ಧರೊಬ್ಬರು ಜ್ವರ ಬಿಟ್ಟು ಎರಡು ತಿಂಗಳಾದರೂ ರೊಟ್ಟಿ ತಟ್ಟಲಾರದೆ ಕುಳಿತಿದ್ದರು. “ಕಾಯಕಕ್ಕೆ ಬೇಸತ್ತಿರೇನು?” ಎಂದು ಹತ್ತು ಜನರೆದುರು ಕೇಳಿಬಿಟ್ಟೆನು. ಅವರು ಮಾತಾಡದೆ, ಮಡಿಸಲಾಗದ ಬೆರಳುಗಳನ್ನು ನನ್ನ ಮುಂದೆ ಚಾಚಿದರು. ಆ ಕೈಗಳನ್ನು ನಾನು ಇಂದಿಗೂ ಮರೆತಿಲ್ಲ. ಆ ಜ್ವರವು ನಾಲ್ಕಾರು ದಿನಗಳಲ್ಲಿ ಇಳಿದರೂ ಸಂದುಗಳ ನೋವು ತಿಂಗಳುಗಟ್ಟಲೆ, ಕೆಲವರಲ್ಲಿ ವರ್ಷಗಟ್ಟಲೆ ನಿಲ್ಲುವದೆಂದು ಮುಂದೆ ತಿಳಿದುಕೊಂಡೆನು.

ಇಂಥ ರೋಗಗಳಿಗೆ ಕಾರಣವಾದ ವೈರಸ್ ಎಂಬ ಅಣುವು ಸಾಮಾನ್ಯ ಸೂಕ್ಷ್ಮದರ್ಶಕಕ್ಕೂ ಗೋಚರಿಸದು. ಅದರ ಸಂಶೋಧನೆಯನ್ನೇ ಕಾಯಕವಾಗಿ ಕೈಕೊಂಡ ಶಾಸ್ತ್ರಜ್ಞರಲ್ಲಿ ಶ್ರೀ ಟಿ. ರಾಮಚಂದ್ರರಾಯರು ಒಬ್ಬರು. 1940ರ ದಶಕದ ಉತ್ತರಾರ್ಧದಲ್ಲಿ ಡಾ. ಡಿ. ಕೆ. ವಿಶ್ವನಾಥನ್ ಅವರೊಡನೆ ನಮ್ಮ ಧಾರವಾಡ ಹಾಗೂ ಕಾರವಾರ ಜಿಲ್ಲೆಗಳ ಹಳ್ಳಿಗಳಲ್ಲಿ ಮನೆಮನೆಯ ಗೋಡೆಗಳಿಗೆ ಡಿಡಿಟಿ ಸಿಂಪಡಿಸಿ ಮಲೇರಿಯವನ್ನು ತಗ್ಗಿಸಿದವರು ಇವರೇ. ಮುಂದೆ ಇವರು, 1952ರಲ್ಲಿ ಪುಣೆಯಲ್ಲಿ ಸ್ಥಾಪಿತವಾದ ವೈರಸ್ ಸಂಶೋಧನ ಕೇಂದ್ರದ ನಿರ್ದೇಶಕರಾದರು.

1957ರಲ್ಲಿ ಶಿವಮೊಗ್ಗ ಜಿಲ್ಲೆಯ ಸೊರಬ ತಾಲೂಕಿನ ಕ್ಯಾಸನೂರು ಅಡವಿಯಲ್ಲಿ ಮಂಗಗಳು ಸಾಲುಸಾಲಾಗಿ ಸತ್ತುಬಿದ್ದವು. ಸುತ್ತಲಿನ ಜನರು ಜ್ವರದಿಂದ ಮಲಗಿದರು. ಹಳದಿ ಜ್ವರವು ಭರತಖಂಡಕ್ಕೆ ಬಂದಿತೋ ಎಂಬ ಭೀತಿಯುಂಟಾಯಿತು. ಆಗ ಆ ಕೇಂದ್ರದ ನಿರ್ದೇಶಕರಾಗಿದ್ದ ಡಾ. ಟೆಲ್‌ಫೋರ್ಡ್ ವರ್ಕ್ ಅವರೂ ಅವರ ಸಂಗಡಿಗರೂ ಅಡವಿ ಹೊಕ್ಕು ಶೋಧಿಸಿ, ಇದು ರಷ್ಯದ ಒಂದು ಮಿದುಳುಜ್ವರದ ವೈರಸ್ಸಿಗೆ ಸಂಬಂಧಿಯಾದ ಹೊಸ ವೈರಸ್ಸೆಂದೂ, ಉಣ್ಣಿಗಳ ಕಡಿತದಿಂದ ಹರಡುವದೆಂದೂ ಸ್ಥಾಪಿಸಿದರು. ಈ ಶೋಧನೆಯಲ್ಲಿ ಪ್ರಯೋಗಶಾಲೆಯ ಕೆಲಸಗಾರರೇ ಹಲವರು ರೋಗಕ್ಕೆ ತುತ್ತಾದರು. ಪರಹಿತಕ್ಕಾಗಿ ದೇಹವನ್ನೇ ಒಡ್ಡುವದು ದಾಸೋಹವಲ್ಲದೆ ಮತ್ತೇನು?

ಮಂಗನ ಕಾಯಿಲೆಯೆನಿಸಿದ ಈ ಜ್ವರದಿಂದ 100ಕ್ಕೆ 3ರಿಂದ 5 ಜನರು ಅಳಿಯುವರು. ಉಳಿದವರ ಪಾಡೂ ಸುಲಭವಲ್ಲ. ಕೆಲವರಲ್ಲಿ ಜ್ವರವಿಳಿದು ಒಂದೆರಡು ವಾರವಾದ ಮೇಲೆ ಅದು ಮರಳಿ ಏರಿ, ತಲೆನೋವು, ನಡುಕ, ಮನೋಭ್ರಾಂತಿಗಳು ತಲೆದೋರುವವು. ಗುಣವಾದವರಿಗೂ ಎಷ್ಟೋ ವಾರಗಳ ಕಾಲ ನಿಶ್ಶಕ್ತಿ ತಪ್ಪದು. 2020ರ ಕೋವಿಡ್ ಮಹಾಮಾರಿಯ ತರುವಾಯವೂ ಏದುಸಿರು, ದಣಿವುಗಳಿಂದ ಬಹುಕಾಲ ಬಳಲಿದವರನ್ನು ನೀವೆಲ್ಲ ಕಂಡೇ ಇರುವಿರಿ.

ಬೆಳವಲದ ನಮಗೆ ಅಡವಿಯ ರೋಗದ ಗೊಡವೆಯೇಕೆಂದು ನವಲಗುಂದ, ಅಣ್ಣಿಗೇರಿಗಳ ಭಕ್ತರು ಕೇಳಬಹುದು. ಕಲಘಟಗಿಯಾಚೆಗೆ ಮಲೆನಾಡು ಮೊದಲಾಗುವದು. ದುಡಿಮೆಗಾಗಿ ಘಟ್ಟದತ್ತ ಹೋಗಿಬರುವವರು ನಮ್ಮಲ್ಲಿಯೂ ಉಂಟು. ಹಿಂದೆ ಕೊಡುತ್ತಿದ್ದ ಲಸಿಕೆಯು ತಕ್ಕಷ್ಟು ಫಲ ಕೊಡದ್ದರಿಂದ 2022ರಲ್ಲಿ ನಿಂತಿತು. ಆದುದರಿಂದ ಮಾಗಿಯಿಂದ ಬೇಸಿಗೆಯ ಕೊನೆಯವರೆಗೆ ಅಡವಿಗೆ ಹೋಗುವವರು ಮೈತುಂಬ ಬಟ್ಟೆಯುಟ್ಟು, ಉಣ್ಣಿಯನ್ನು ದೂರವಿಡುವ ತೈಲವನ್ನು ಲೇಪಿಸಿಕೊಳ್ಳಬೇಕು. ಸತ್ತ ಮಂಗನನ್ನು ಕಂಡರೆ ಮುಟ್ಟದೆ ಆರೋಗ್ಯಾಧಿಕಾರಿಗಳಿಗೆ ತಿಳಿಸಬೇಕು.

ಇನ್ನು ಮುಖ್ಯವಾದ ಮಾತು. ಕಾಯಕವು ನಮಗೆ ಪರಮಧರ್ಮವೆಂಬುದು ನಿಜ. ಆದರೆ ಆ ತತ್ತ್ವವನ್ನೇ ಬಡಿಗೆಯಾಗಿ ಹಿಡಿದು ದುರ್ಬಲನನ್ನು ಬಡಿಯುವದು ಶರಣಧರ್ಮವಲ್ಲ. ಕಾಯವಿಲ್ಲದೆ ಕಾಯಕವೆಲ್ಲಿಯದು? ಜ್ವರದಿಂದೆದ್ದವನನ್ನು ಸೋಮಾರಿಯೆನ್ನದಿರಿ, ಅವನ ಹೊಲದಲ್ಲಿ ಒಂದು ದಿನ ಎಡೆಹೊಡೆಯಿರಿ, ಅವನ ಮನೆಗೆ ಒಂದು ಬುತ್ತಿ ಕಳಿಸಿರಿ. ರೋಗಶೇಷವನ್ನು ಕಳೆಯುವದು ವೈದ್ಯನೊಬ್ಬನ ಹೊಣೆಯಲ್ಲ, ಇಡೀ ಊರಿನ ಹೊಣೆ.

ಆ ವೃದ್ಧರು ಈಗ ಲಿಂಗೈಕ್ಯರಾಗಿರುವರು. ಅವರಲ್ಲಿ ಅಂದು ಕೇಳದ ಕ್ಷಮೆಯನ್ನು ಇಂದು ಈ ಸಭೆಯ ಮುಂದೆ ಬೇಡಿಕೊಂಡು, ನನ್ನ ಮಾತುಗಳನ್ನು ಮುಗಿಸುವೆನು.