ಟಾರ್ಚ್ ಆರಿಸಿದ ಮೇಲಿನ ನಲ್ಲೂರು



ಚನ್ನಗಿರಿ ತಾಲ್ಲೂಕು ಅಂದ ಕೂಡಲೇ ಅಡಿಕೆ ನೆನಪಾಗುತ್ತದೆ, ಆಮೇಲೆ ಸೂಳೆಕೆರೆ. ಹರಿದ್ರಾ ಹಳ್ಳಕ್ಕೆ ಅಡ್ಡಲಾಗಿ ಎರಡು ಗುಡ್ಡಗಳ ಸಂದಿಯಲ್ಲಿ ಏರಿ ಕಟ್ಟಿ ನಿಲ್ಲಿಸಿದ ನೀರು ಅದು. ಶಾಂತಿಸಾಗರ ಎನ್ನುವುದು ಅದರ ಮರ್ಯಾದೆಯ ಹೆಸರು. ಇದೇ ತಾಲ್ಲೂಕಿನ ನಲ್ಲೂರನ್ನು ಇವತ್ತು ನಿಮಗೆ ಪರಿಚಯಿಸಬೇಕು. ಹಗಲಿನ ನಲ್ಲೂರನ್ನಲ್ಲ, ಅದನ್ನು ಬಸ್ಸಿನ ಕಿಟಕಿಯಿಂದಲೇ ನೋಡಬಹುದು. ನಾನು ಹೇಳಹೊರಟಿರುವ ನಲ್ಲೂರು ಮಳೆಗಾಲದ ಕೆಲವೇ ತಿಂಗಳು, ಅದೂ ರಾತ್ರಿ ಎಂಟರ ಮೇಲೆ ಬಾಯಿ ಬಿಡುತ್ತದೆ.

ರೋಹಿಣಿಯೋ ಮಿರಗವೋ, ಒಂದು ಹದ ಮಳೆ ಬಿದ್ದ ಸಂಜೆ ಗದ್ದೆ ಬದುವಿಗೆ ಬನ್ನಿ. ದೂರದಿಂದ ಒಂದೇ ಗದ್ದಲ ಕೇಳುತ್ತದೆ. ಹತ್ತಿರ ಬಂದು ಕಿವಿಗೊಟ್ಟರೆ ಗದ್ದಲ ಎಳೆಎಳೆಯಾಗಿ ಬಿಡಿಸಿಕೊಳ್ಳುತ್ತದೆ. ಬಾಚಣಿಗೆಯ ಹಲ್ಲಿನ ಮೇಲೆ ಉಗುರು ಎಳೆದಂತೆ ಕಿರ್ರ್ ಎನ್ನುವುದು ಹೆಬ್ಬೆರಳಿನ ತುದಿಯಷ್ಟೇ ಇರುವ ಪುಟಾಣಿ ಕಪ್ಪೆ. ಬೇಲಿಯ ಗಿಡದಿಂದ ಯಾರೋ ಕಟ್ಟಿಗೆ ಕುಟ್ಟಿದಂತೆ ಟಕ್ ಟಕ್ ಅನ್ನುವುದು ಮರಗಪ್ಪೆ. ಕೆಳಗೆ ನಿಂತ ನೀರಿನಲ್ಲಿ ಗಂಟಲು ತುಂಬ ಒದರುತ್ತಿರುವುದು ಗೋಂಕರು ಕಪ್ಪೆಯ ಗಂಡು. ವರ್ಷವಿಡೀ ಕೆಸರಿನ ಬಣ್ಣದಲ್ಲಿರುವ ಈ ಪ್ರಾಣಿ ಮದುವೆಯ ಕಾಲಕ್ಕೆ ನಿಂಬೆಹಣ್ಣಿನ ಹಳದಿಯಾಗುತ್ತದೆ. ಕೂಗುವಾಗ ಗಲ್ಲದ ಎರಡೂ ಕಡೆ ಕಡುನೀಲಿ ಚೀಲಗಳು ಉಬ್ಬುತ್ತವೆ. ಮೊದಲ ಸಲ ಕಂಡಾಗ ಯಾರೋ ಬಣ್ಣ ಬಳಿದು ಬಿಟ್ಟಿದ್ದಾರೆ ಅಂದುಕೊಂಡಿದ್ದೆ.

ಈ ಗೋಂಕರು ಕಪ್ಪೆಯ ಕಾಲುಗಳು ಒಂದು ಕಾಲಕ್ಕೆ ಹಡಗು ಹತ್ತುತ್ತಿದ್ದವು. 1987ರಲ್ಲಿ ಭಾರತ ಆ ರಫ್ತನ್ನು ನಿಲ್ಲಿಸಿತು. ಗದ್ದೆಯ ಹುಳ ತಿನ್ನುವವರನ್ನು ಮಾರಿಬಿಟ್ಟು ಹುಳದ ಔಷಧಿ ಕೊಳ್ಳುವುದು ಎಂಥ ವ್ಯಾಪಾರವೋ!

ಕಪ್ಪೆ ನೋಡಲೆಂದೇ ಜನ ಹೊರಡುವುದು ನಮ್ಮ ಕಡೆ ಇನ್ನೂ ನಗುವ ವಿಷಯ. ಮಲೆನಾಡಿನಲ್ಲಿ ಹಾಗಿಲ್ಲ. ಸಕಲೇಶಪುರ ತಾಲ್ಲೂಕಿನ ಬಿಸಲೆಯಲ್ಲಿ ಮಳೆಗಾಲದ ಕಪ್ಪೆ ಶಿಬಿರಗಳು ನಡೆದಿವೆ. ಕಪ್ಪೆಗಳ ವಿಜ್ಞಾನಿ ಕೆ.ವಿ. ಗುರುರಾಜ ಅವರು ಇಂಥ ನಡಿಗೆಗಳಲ್ಲಿ ಜನರನ್ನು ಹಳ್ಳದ ದಂಡೆಗೆ ಕರೆದೊಯ್ದಿದ್ದಾರೆ. ಅವರೂ ಜೊತೆಗಾರರೂ ಶರಾವತಿ ಸೀಮೆಯಲ್ಲಿ ಕಂಡು 2014ರಲ್ಲಿ ಲೋಕಕ್ಕೆ ತಿಳಿಸಿದ ಒಂದು ಕಪ್ಪೆಯ ಹೆಸರೇ ಕುಂಬಾರ. ಗಂಡು ಮುಂಗೈಯಲ್ಲಿ ಹಳ್ಳದ ಕೆಸರು ತಂದು ಮೊಟ್ಟೆಗಳ ಮೇಲೆ ಮೆತ್ತುತ್ತದೆ. ಇನ್ನೂ ಹಿಂದಕ್ಕೆ ಹೋದರೆ, ಬೆಂಗಳೂರಿನ ಸೆಂಟ್ರಲ್ ಕಾಲೇಜಿನ ಸಿ.ಆರ್. ನಾರಾಯಣ ರಾವ್ 1937ರಲ್ಲಿಯೇ ಕೊಟ್ಟಿಗೆಹಾರದ ಹೆಸರಿನ ಕಪ್ಪೆಯನ್ನು ದಾಖಲಿಸಿದ್ದರು. ಹಳ್ಳದ ಭೋರ್ಗರೆತದಲ್ಲಿ ಕೂಗಷ್ಟೇ ಸಾಲದೆಂದೋ ಏನೋ, ಅದು ಹಿಂಗಾಲು ಚಾಚಿ ಬೀಸುತ್ತದೆ.

ನಮ್ಮ ಬಯಲಿನಲ್ಲಿ ಅಂಥ ಕುಣಿತವಿಲ್ಲ. ಆದರೆ ಬಯಲುಸೀಮೆಯ ಕಪ್ಪೆಗೆ ಬೇರೊಂದು ಕಸುಬು ಗೊತ್ತು. ಬಿಲಗಪ್ಪೆಯ ಹಿಂಗಾಲಿನಲ್ಲಿ ಸಲಿಕೆಯಂಥ ಗಟ್ಟಿ ಗಂಟು ಇರುತ್ತದೆ. ಅದರಿಂದ ಮಣ್ಣು ತೋಡುತ್ತಾ ಹಿಮ್ಮುಖವಾಗಿ ಇಳಿದು ಬೇಸಿಗೆ ಕಳೆಯುತ್ತದೆ. ಅದನ್ನು ನೋಡಲು ಘಟ್ಟ ಹತ್ತಬೇಕಿಲ್ಲ.

ಇಂಥ ರಾತ್ರಿ ನಡಿಗೆಗೆ ನಾನು ಎಂಟು ಜನಕ್ಕಿಂತ ಹೆಚ್ಚು ಕರೆದೊಯ್ಯುವುದಿಲ್ಲ. ಕಪ್ಪೆಗಳನ್ನು ತಕ್ಕಡಿಗೆ ಹಾಕುವುದಕ್ಕಿಂತ ಕಷ್ಟ, ಉತ್ಸಾಹದಲ್ಲಿರುವ ಜನರನ್ನು ಒಂದೇ ಬದುವಿನ ಮೇಲೆ ಸಾಲಾಗಿ ನಡೆಸುವುದು. ಮೊಳಕಾಲಿನ ತನಕ ಬರುವ ರಬ್ಬರ್ ಬೂಟು ಇರಲೇಬೇಕು. ಕಪ್ಪೆ ಇದ್ದಲ್ಲಿ ಅದನ್ನು ತಿನ್ನಲು ಬಂದವನೂ ಇರುತ್ತಾನೆ. ನೀರುಹಾವಾದರೆ ಸರಿ, ಕೊಳಕುಮಂಡಲವಾದರೆ ಆಸ್ಪತ್ರೆ. ಹಾಗಾಗಿ ಹುಲ್ಲಿನೊಳಗೆ ಕೈಯನ್ನಂತೂ ಹಾಕಬಾರದು.

ಕಪ್ಪೆಯ ಮೇಲೂ ಕೈ ಹಾಕಬಾರದು. ಕಪ್ಪೆ ಮೂಗಿನಿಂದಷ್ಟೇ ಅಲ್ಲ, ಚರ್ಮದಿಂದಲೂ ಉಸಿರಾಡುತ್ತದೆ. ನಮ್ಮ ಕೈಯ ಸೊಳ್ಳೆ ಮುಲಾಮು ನೇರ ಅದರ ಮೈಯೊಳಗೆ ಇಳಿಯುತ್ತದೆ. ಮಲೆನಾಡಿಗೆ ಹೋಗುವವರು ಉಂಬಳಕ್ಕೆಂದು ಉಪ್ಪು, ಹೊಗೆಸೊಪ್ಪು ಒಯ್ಯುತ್ತಾರಲ್ಲ, ಅದೇ ಕೈಯಲ್ಲಿ ಕಪ್ಪೆ ಹಿಡಿದರೆ ಅದರ ಗತಿ ಏನು? ಬೂಟಿನ ಕೆಸರನ್ನೂ ಒಂದು ಹೊಂಡದಿಂದ ಇನ್ನೊಂದಕ್ಕೆ ಒಯ್ಯಕೂಡದು. ತೊಳೆದು ಒಣಗಿಸಿಯೇ ಮುಂದಿನ ನೀರಿಗೆ ಇಳಿಯಬೇಕು. ಕಪ್ಪೆಯ ಚರ್ಮಕ್ಕೆ ಹತ್ತುವ ಒಂದು ಬೂಷ್ಟು ರೋಗ ಹಲವು ದೇಶಗಳಲ್ಲಿ ಕಪ್ಪೆಗಳ ವಂಶವನ್ನೇ ಒರೆಸಿದೆ. ಪಶ್ಚಿಮಘಟ್ಟದಲ್ಲೂ ಆ ಬೂಷ್ಟು ಪತ್ತೆಯಾಗಿದೆ. ಜಗತ್ತಿನ ಪ್ರತಿ ನೂರು ಬಗೆಯ ಕಪ್ಪೆ ಮತ್ತು ಅದರ ದಾಯಾದಿಗಳಲ್ಲಿ ಸುಮಾರು 41 ಬಗೆ ಅಪಾಯದಲ್ಲಿವೆ ಎಂದು 2023ರ ಸಮೀಕ್ಷೆ ಹೇಳಿತು.

ಫೋಟೋದವರ ಕಾಟ ಇನ್ನೊಂದು ತೆರನದು. ಕಪ್ಪೆಯನ್ನು ಎತ್ತಿ ಚಂದದ ಎಲೆಯ ಮೇಲೆ ಕೂರಿಸುವವರನ್ನು ನೋಡಿದ್ದೇನೆ. ಮದುವೆಮನೆಯಲ್ಲಿ ಮದುಮಗನನ್ನು ಎತ್ತಿಕೊಂಡು ಹೋಗಿ ಬೇರೆ ಮಂಟಪದಲ್ಲಿ ಕೂರಿಸಿದ ಹಾಗೆ.

ನಾನೇನು ಕಮ್ಮಿ ಇರಲಿಲ್ಲ. ಮೊದಲ ವರ್ಷ ದೊಡ್ಡ ಬಿಳಿ ಟಾರ್ಚ್ ಹಿಡಿದು ಹೊಂಡದ ಬಳಿಗೆ ನುಗ್ಗಿದೆ. ಅಷ್ಟು ಹೊತ್ತು ಕಿವಿ ಗಡಚಿಕ್ಕುತ್ತಿದ್ದ ನೀರು ಒಮ್ಮೆಲೇ ಮೂಕಾಯಿತು. ನೆಂಟರನ್ನು ಕರೆದುಕೊಂಡು ಬಂದಿದ್ದೆ, ಏನು ತೋರಿಸಲಿ? ನಾಚಿಕೆಯಿಂದ ಟಾರ್ಚ್ ಆರಿಸಿ ನಿಂತೆ. ಹತ್ತು ನಿಮಿಷವಾದ ಮೇಲೆ ಆ ದಂಡೆಯಲ್ಲಿ ಒಂದು ಕಿರ್ರ್ ಅಂದಿತು. ಇನ್ನೊಂದು ಅದಕ್ಕೆ ಓಗೊಟ್ಟಿತು. ಆಮೇಲೆ ನನ್ನ ಬೂಟಿನ ಪಕ್ಕದಲ್ಲೇ ಗೋಂಕರು ದನಿ ತೆಗೆದ ಹೊಡೆತಕ್ಕೆ ನೆಂಟರೊಬ್ಬರು ಗದ್ದೆಗೇ ಇಳಿದುಬಿಟ್ಟರು.

ಈ ಮಳೆಗಾಲಕ್ಕೆ ಬರುವವರು ಟಾರ್ಚಿನ ಬಾಯಿಗೆ ಕೆಂಪು ಬಣ್ಣದ ತೆಳು ಹಾಳೆ ಕಟ್ಟಿಕೊಂಡು ಬನ್ನಿ. ಉಡುಗೊರೆ ಸುತ್ತುವ ಹಾಳೆಯಾದರೂ ನಡೆಯುತ್ತದೆ. ಗದ್ದೆಯ ಯಜಮಾನರನ್ನು ಮೊದಲೇ ಕೇಳಿಕೊಂಡಿರಿ. ರಾತ್ರಿ ಹೊತ್ತು ಬೆಳಕು ಕಂಡರೆ ಅವರು ಪಂಪ್‌ಸೆಟ್ ಕಳ್ಳರೆಂದೇ ಎದ್ದು ಬರುತ್ತಾರೆ.