ಟೊಂಕದ ಕೀಲುನೋವಿಗೆ ವ್ಯಾಯಾಮದ ಅಳತೆ
(ರೈತರ ಸಭೆಯಲ್ಲಿ ಮಾಡಿದ ಭಾಷಣ)



ಬ್ಯಾಡಗಿ ಕಡೆ ಮೆಣಸಿನಕಾಯಿ ಬಿಡಿಸುವವರನ್ನು, ರಾಣೆಬೆನ್ನೂರು ಕಡೆ ಬೀಜೋತ್ಪಾದನೆಯ ಹೊಲಗಳಲ್ಲಿ ದುಡಿಯುವವರನ್ನು ಮಾತನಾಡಿಸಿ ನೋಡಿರಿ. ಐವತ್ತು ದಾಟಿದವರಲ್ಲಿ ಕೆಲವರಾದರೂ ತೊಡೆಸಂದಿಯ ಮೇಲೆ ಕೈಯಿಟ್ಟು "ಇಲ್ಲಿ ಹಿಡಕೊಂಡೈತ್ರಿ" ಎನ್ನುತ್ತಾರೆ. ಮುಂಜಾನೆ ಏಳುವಾಗ ಕಾಲು ಬಿಗಿಯುತ್ತದೆ, ಚಕ್ಕಡಿ ಹತ್ತುವಾಗ ನೋಯುತ್ತದೆ, ಕಾಲಿನ ಉಗುರು ತೆಗೆಯಲು ಬಾಗುವುದೇ ಕಷ್ಟ. ತೊಡೆಯೆಲುಬಿನ ಗುಂಡು ತಲೆಯು ಟೊಂಕದ ಕುಳಿಯಲ್ಲಿ ತಿರುಗುವ ಕಡೆ, ಎಲುಬಿನ ನುಣುಪಾದ ಹೊದಿಕೆ ಸವೆಯುವುದರಿಂದ ಬರುವ ಬೇನೆಯಿದು. ಇಂಗ್ಲೆಂಡ್, ಸ್ವೀಡನ್ ದೇಶಗಳಲ್ಲಿಯೂ ಒಕ್ಕಲುತನದವರಲ್ಲೇ ಇದು ಹೆಚ್ಚೆಂದು ಕಂಡುಬಂದಿದೆ.

ಇಂಥವರಿಗೆ ವ್ಯಾಯಾಮ ಹೇಳಿದರೆ "ದಿನವೆಲ್ಲ ಹೊಲದಾಗ ದುಡಿಯೋರಿಗೆ ಮತ್ಯಾತರ ವ್ಯಾಯಾಮರಿ?" ಎಂದು ನಗುತ್ತಾರೆ. ಪ್ರಶ್ನೆ ತಪ್ಪಲ್ಲ. ಆದರೆ ನೋವಿದ್ದವನು ದುಡಿಯುವಾಗ ತನಗರಿಯದೆ ಒಳ್ಳೆಯ ಕಾಲಿನ ಮೇಲೆ ಭಾರ ಹಾಕುತ್ತಾನೆ. ನೊಂದ ಕಡೆಯ ಸ್ನಾಯು ಸೊರಗುತ್ತಲೇ ಹೋಗುತ್ತದೆ.

ಯೂರಿಯಾವನ್ನು ಎಕರೆಗೆ ಇಷ್ಟೆಂದು ಅಳೆದು ಹಾಕುವಂತೆ ವ್ಯಾಯಾಮಕ್ಕೂ ಪ್ರಮಾಣವುಂಟು. 2017ರಲ್ಲಿ ಪ್ರಕಟವಾದ ಒಂದು ಪರಿಶೀಲನೆಯಲ್ಲಿ 12 ಪ್ರಯೋಗಗಳನ್ನು, 1,202 ರೋಗಿಗಳನ್ನು ಲೆಕ್ಕಕ್ಕೆ ತೆಗೆದುಕೊಂಡು ನೋಡಲಾಯಿತು. ಗೊತ್ತುಪಡಿಸಿದ ಪ್ರಮಾಣಕ್ಕೆ ಸರಿಯಾಗಿ ಮಾಡಿಸಿದ ಕಡೆ ನೋವು ಹೆಚ್ಚು ಇಳಿದಿತ್ತು.

ಆ ಅಳತೆ ಹೀಗಿದೆ. ಒಳ್ಳೆಯ ಮಗ್ಗುಲಿಗೆ ಮಲಗಿ, ನೋವಿನ ಕಾಲನ್ನು ನೆಟ್ಟಗೆ ಮೇಲಕ್ಕೆತ್ತಿ ಮೆಲ್ಲಗೆ ಇಳಿಸಿರಿ. 8ರಿಂದ 12 ಸಲ ಎತ್ತಿದರೆ ಒಂದು ಸರದಿ. ಕಡೆಯ ಎರಡು ಸಲ ಎತ್ತುವುದು ಕಷ್ಟವೆನಿಸಬೇಕು. ಕಷ್ಟವೆನಿಸದಿದ್ದರೆ ಅದು ಸ್ನಾಯುವಿಗೆ ಸಾಲದು. ಒಂದೆರಡು ನಿಮಿಷ ದಣಿವಾರಿಸಿಕೊಂಡು ಮತ್ತೆ ಮಾಡಿ ಎರಡು ಮೂರು ಸರದಿ ಮುಗಿಸಿರಿ. ಕೈಯೂರದೆ ಮಂಚದಿಂದ ಏಳುವುದು, ಒಂದೇ ಮೆಟ್ಟಿಲು ಹತ್ತಿ ಇಳಿಯುವುದು, ಇವಕ್ಕೂ ಇದೇ ಲೆಕ್ಕ. ವಾರದಲ್ಲಿ ಎರಡು ಮೂರು ದಿನ ಸಾಕು, ನಡುವೆ ಒಂದು ದಿನ ಬಿಡಬೇಕು. ಹನ್ನೆರಡು ಸಲವೂ ಸುಲಭವಾದಾಗ ಅರ್ಧ ಕಿಲೋ ಉಸುಕಿನ ಚೀಲವನ್ನು ಕಾಲಿಗೆ ಕಟ್ಟಿಕೊಳ್ಳಿರಿ. ಮೂರು ತಿಂಗಳು ಬಿಡದೆ ಮಾಡಬೇಕು. ನಾಲ್ಕು ದಿನ ಮಾಡಿ "ಗುಣ ಕಾಣಲಿಲ್ಲ" ಎಂದು ಬಿಡುವವರೇ ಬಹಳ ಮಂದಿ. ಬಿತ್ತಿದ ವಾರಕ್ಕೆ ಗೋವಿನಜೋಳ ತೆನೆ ಕಟ್ಟೀತೇ?

ಮಾಡುವಾಗ ತುಸು ನೋವಾದರೆ ಅಂಜಬೇಕಾಗಿಲ್ಲ. ಮರುದಿನದ ಹೊತ್ತಿಗೆ ಅದು ಮೊದಲಿನಷ್ಟಕ್ಕೆ ಇಳಿದರೆ ಅಳತೆ ಸರಿಯಾಗಿದೆ. ಇಳಿಯದೆ ಹೋದರೆ ಸರದಿ ಕಡಿಮೆ ಮಾಡಿರಿ, ಪೂರ್ತಿ ನಿಲ್ಲಿಸಬೇಡಿರಿ. ಸವೆದ ಹೊದಿಕೆ ಇದರಿಂದ ಮರಳಿ ಬೆಳೆಯುವುದಿಲ್ಲ. ನೋವು ಇಳಿದು ನಡಿಗೆ ಹಗುರವಾಗುತ್ತದೆ, ಅಷ್ಟೇ.

ಆರಂಭಿಸುವ ಮುನ್ನ ಸರ್ಕಾರಿ ವೈದ್ಯರಿಗೆ ತೋರಿಸಿಕೊಳ್ಳಿರಿ. ಎಲ್ಲ ಟೊಂಕನೋವೂ ಸವೆತದ್ದಲ್ಲ. ನೆರೆಯ ಶಿವಮೊಗ್ಗ ಜಿಲ್ಲೆಯ ಸಾಗರ ತಾಲೂಕಿನ ಹಂದಿಗೋಡಿನಲ್ಲಿ 1975ರ ಸುಮಾರಿಗೆ ಕಂಡುಬಂದ ಕೀಲುಬೇನೆಯು ಮನೆತನದಲ್ಲಿ ಇಳಿದು ಬರುವಂಥದ್ದು, ಎಳೆಯರನ್ನೂ ಬಿಡದು. ಹರೆಯದವರು ಕುಂಟಿದರೆ, ಬಿದ್ದ ಮೇಲೆ ನೋವು ಬಂದರೆ, ನೋವಿನೊಡನೆ ಜ್ವರವಿದ್ದರೆ, ಮೊದಲು ಆಸ್ಪತ್ರೆಗೆ ಕರೆದೊಯ್ಯಿರಿ.